ಎರಡು ಪುಡಿ ಬೆರೆಸಿದರೆ ದ್ರವವಾಗುವುದೇಕೆ?

ಕೋಲೀನ್ ಕ್ಲೋರೈಡ್ ಮತ್ತು ಯೂರಿಯಾ ಎರಡೂ ಘನವಸ್ತುಗಳು. ಬೆರೆಸಿದಾಗ ಸಿಗುವ ಡೀಪ್ ಯುಟೆಕ್ಟಿಕ್ ದ್ರಾವಕದ (ಬಿಡಿ ಘಟಕಗಳಿಗಿಂತ ತುಂಬಾ ಕಡಿಮೆ ಉಷ್ಣತೆಯಲ್ಲೇ ಕರಗುವ ಮಿಶ್ರಣ) ಒಳರಚನೆ ಎಂಥದ್ದು ಎಂದು ಕೇಳಿದ್ದೀರಿ.

ಮೊದಲನೆಯದು ಕೋಳಿ ಆಹಾರಕ್ಕೆ ಸೇರಿಸುವ ಪುಡಿ, ಎರಡನೆಯದು ಗದ್ದೆಗೆ ಎರಚುವ ಗೊಬ್ಬರ. ಯೂರಿಯಾ ಕರಗಲು 133 ಡಿಗ್ರಿ ಸೆಲ್ಸಿಯಸ್ ಬೇಕು, ಕೋಲೀನ್ ಕ್ಲೋರೈಡಿಗೆ 300ರ ಆಸುಪಾಸು. ಆದರೆ 1 ಮೋಲ್ (ಕಣಗಳ ಎಣಿಕೆಯ ಅಳತೆ) ಕೋಲೀನ್ ಕ್ಲೋರೈಡಿಗೆ 2 ಮೋಲ್ ಯೂರಿಯಾ ಹಾಕಿ 80 ಡಿಗ್ರಿಯಲ್ಲಿ ಕಲಕುತ್ತಿದ್ದರೆ ಪುಡಿ ಮೊದಲು ಒದ್ದೆಯಾಗಿ, ಆಮೇಲೆ ತಿಳಿಯಾದ, ಮಂದವಾದ ದ್ರವವಾಗುತ್ತದೆ. ಅದು ಹೆಪ್ಪುಗಟ್ಟುವುದು ಸುಮಾರು 12 ಡಿಗ್ರಿಗೆ! ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಅಬಾಟ್ ಅವರ ತಂಡ 2003ರಲ್ಲಿ ಇದನ್ನು ಪ್ರಕಟಿಸಿತು.

ಇಲ್ಲಿ ಹೊಸ ಸಂಯುಕ್ತವೇನೂ ಹುಟ್ಟುವುದಿಲ್ಲ. ಕೆಲಸ ಮಾಡುವುದು ಹೈಡ್ರೋಜನ್ ಬಂಧ, ಅಂದರೆ ಒಂದು ಅಣುವಿನ ಹೈಡ್ರೋಜನ್‌ಗೂ ಪಕ್ಕದ ಕಣಕ್ಕೂ ನಡುವಿನ ದುರ್ಬಲ ಸೆಳೆತ. ಕ್ಲೋರೈಡ್ ಅಯಾನು (ವಿದ್ಯುದಾವೇಶವಿರುವ ಕಣ) ಯೂರಿಯಾದ ಸಾರಜನಕಕ್ಕೆ ಅಂಟಿದ ಹೈಡ್ರೋಜನ್‌ಗಳನ್ನೂ ಕೋಲೀನಿನ ಹೈಡ್ರಾಕ್ಸಿಲ್ (OH) ಗುಂಪನ್ನೂ ತನ್ನತ್ತ ಸೆಳೆಯುತ್ತದೆ. ಕೋಲೀನ್ ಅಯಾನೋ ದಪ್ಪ, ಸೊಟ್ಟ. ಹರಳಿನ ಸಾಲಿನಲ್ಲಿ ಸುಲಭವಾಗಿ ಕೂರುವುದಿಲ್ಲ. ಹೀಗಾಗಿ ಮಿಶ್ರಣ ಗಟ್ಟಿಯಾಗದೆ ದ್ರವವಾಗಿಯೇ ಉಳಿಯುತ್ತದೆ.

ಎರಡು ಯೂರಿಯಾ ಅಣುಗಳು ಒಂದು ಕ್ಲೋರೈಡನ್ನು ಹಿಡಿದುಕೊಂಡಿರುವ ಚಿತ್ರ ಹಲವೆಡೆ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಅದು ಅತಿ ಸರಳ. ಯೂರಿಯಾ ಯೂರಿಯಾದೊಂದಿಗೂ, ಕೋಲೀನಿನೊಂದಿಗೂ ಬಂಧ ಬೆಸೆಯುತ್ತದೆ. ಆ ಬಂಧಗಳು ಕ್ಷಣಕ್ಷಣಕ್ಕೂ ಕಳಚಿ ಮತ್ತೆ ಕೂಡುತ್ತವೆ. ನ್ಯೂಟ್ರಾನ್ ಕಣಗಳನ್ನು ಹಾಯಿಸಿ ಅವು ಚದುರುವ ಬಗೆಯಿಂದ ಒಳರಚನೆ ಅರಿಯುವ ಪ್ರಯೋಗಗಳು ತೋರಿಸಿರುವುದೂ ಇಂಥ ಅಸ್ತವ್ಯಸ್ತ ಜಾಲವನ್ನೇ.