ಅರಿಶಿನವನ್ನು ಯಾವ ವಿಭಾಗದಲ್ಲಿ ಇಡೋದು?

ಪ್ರಶ್ನೆ: ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರ ನಮ್ಮದೊಂದು ಗ್ರಂಥಿಗೆ ಅಂಗಡಿ ಇದೆ. ಮಗಳ ಒತ್ತಾಯಕ್ಕೆ ಈಗ ವೆಬ್‌ಸೈಟ್ ಮಾಡಿಸುತ್ತಿದ್ದೇವೆ. ಅಡುಗೆ, ಪೂಜೆ, ಮನೆಮದ್ದು, ಸ್ನಾನ ಎಂದು ನಾಲ್ಕು ವಿಭಾಗ ಮಾಡಿದೆವು. ಅರಿಶಿನ ನಾಲ್ಕಕ್ಕೂ ಸೇರುತ್ತೆ. ಎಳ್ಳು, ಜೇನುತುಪ್ಪ, ಕರ್ಪೂರದ್ದೂ ಇದೇ ಪಾಡು. ನಾಲ್ಕು ಕಡೆಯೂ ಒಂದೊಂದು ಸಲ ಸೇರಿಸಿಬಿಡೋಣ ಅಂತಾನೆ ವೆಬ್‌ಸೈಟ್ ಮಾಡುವ ಹುಡುಗ. ಸರಿನಾ?
– ಓದುಗರೊಬ್ಬರು, ಮೈಸೂರು

ಉತ್ತರ: ನಾಲ್ಕು ಕಡೆ ಕಾಣಲಿ. ಆದರೆ ನಾಲ್ಕು ಸಲ ಸೇರಿಸಬೇಡಿ. ಇವೆರಡೂ ಬೇರೆ ಬೇರೆ.

ಹಿಂದೆ ನಾನು ಕೆಲಸ ಮಾಡಿದ ಒಂದು ಅಂಗಡಿಯ ವೆಬ್‌ಸೈಟಿನಲ್ಲಿ ಒಂದೇ ಅರಿಶಿನವನ್ನು ಮೂರು ಕಡೆ ಬೇರೆ ಬೇರೆಯಾಗಿ ನಮೂದಿಸಿದ್ದರು. ಬೆಲೆ ಏರಿದಾಗ ಎರಡು ಕಡೆ ತಿದ್ದಿದರು, ಮೂರನೆಯದು ಮರೆತುಹೋಯಿತು. ಒಂದು ಪುಟದಲ್ಲಿ ‘ಖಾಲಿ’, ಇನ್ನೊಂದರಲ್ಲಿ ‘ಇದೆ’. ಗಿರಾಕಿಗೆ ಅನುಮಾನ ಬರೋದು ಅಂಗಡಿಯ ಮೇಲೇ ಅಲ್ವಾ? ಹಾಗಾಗಿ ಅರಿಶಿನಕ್ಕೆ ಒಂದೇ ದಾಖಲೆ, ಒಂದೇ ಬೆಲೆ, ಒಂದೇ ವೆಬ್ ವಿಳಾಸ ಇರಲಿ. ಅಲ್ಲಿಗೆ ಹೋಗುವ ಬಾಗಿಲು ಎಷ್ಟಾದರೂ ಇರಬಹುದು. 2004ರಲ್ಲಿ ಬಂದ ಜಿಮೇಲ್ ಮಾಡಿದ್ದೂ ಇದನ್ನೇ. ಪತ್ರವನ್ನು ಒಂದು ಫೋಲ್ಡರಿನೊಳಗೆ ಹಾಕುವ ಬದಲು ಅದಕ್ಕೆ ಬೇಕಾದಷ್ಟು ಲೇಬಲ್ ಅಂಟಿಸಲು ಬಿಟ್ಟಿತು.

ಅಂಗಡಿಯಲ್ಲಿ ಒಂದು ಡಬ್ಬ ಒಂದೇ ಗೂಡಿನಲ್ಲಿ ಕೂರಬೇಕು. ಗ್ರಂಥಾಲಯದವರಿಗೂ ಇದೇ ಕಷ್ಟ ಇತ್ತು. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕ ಎಸ್.ಆರ್. ರಂಗನಾಥನ್ 1933ರಲ್ಲಿ ಕೋಲನ್ ವರ್ಗೀಕರಣ ಎಂಬ ಪದ್ಧತಿ ತಂದರು. ಬಿಡಿ ತುಂಡುಗಳನ್ನು ಜೋಡಿಸಿ ಹೊಸ ಹೊಸ ಆಕಾರ ಮಾಡುವ ಮೆಕ್ಯಾನೊ ಆಟಿಕೆಯನ್ನು ಲಂಡನ್ನಿನ ಅಂಗಡಿಯೊಂದರಲ್ಲಿ ನೋಡಿದಾಗ ಅವರಿಗೆ ಇದು ಹೊಳೆಯಿತಂತೆ. ಪುಸ್ತಕ ಯಾವ ಗುಂಪಿನದು ಎಂದಷ್ಟೇ ಕೇಳಬೇಡಿ. ಯಾವುದರ ಬಗ್ಗೆ, ಯಾವ ಜಾಗದ್ದು, ಯಾವ ಕಾಲದ್ದು ಎಂದು ಹಲವು ಮುಖದಿಂದ ಕೇಳಿ, ಉತ್ತರಗಳನ್ನು ಜೋಡಿಸಿ. ಇಂದಿನ ಶಾಪಿಂಗ್ ಆ್ಯಪ್‌ಗಳ ಫಿಲ್ಟರ್ ಹಿಂದೆ ಇರುವುದೂ ಇದೇ ಯೋಚನೆ. ನಮ್ಮ ಪಕ್ಕದ ಬೆಂಗಳೂರಿನಲ್ಲೇ ಕೊನೆಯ ವರ್ಷಗಳನ್ನು ಕಳೆದ ಅವರನ್ನು ನಮ್ಮ ಡಿಸೈನ್ ಹುಡುಗರು ಇನ್ನಷ್ಟು ಓದಬೇಕು ಅನ್ನೋದು ನನ್ನ ಆಸೆ.

ನಿಮ್ಮ ನಾಲ್ಕೂ ವಿಭಾಗಗಳು ಉತ್ತರಿಸೋದು ‘ಯಾತಕ್ಕೆ?’ ಎಂಬ ಒಂದೇ ಪ್ರಶ್ನೆಗೆ. ಅದು ಒಳ್ಳೇದು. ಅದೇ ಸಾಲಿನಲ್ಲಿ ‘ಪುಡಿಗಳು’, ‘ಸಂಕ್ರಾಂತಿ’ ಎಂದು ಸೇರಿಸಿದರೆ ಗೊಂದಲ ಶುರು. ರೂಪಕ್ಕೆ ಬೇರೆ ಸಾಲು ಮಾಡಿ: ಕೊಂಬು, ಪುಡಿ, ಎಣ್ಣೆ. ಹಬ್ಬಕ್ಕೆ ಇನ್ನೊಂದು. ಒಂದೇ ಸಾಲಿನಲ್ಲಿ ಎರಡನ್ನು ಆರಿಸಿದರೆ ಎರಡರಲ್ಲಿ ಯಾವುದಿದ್ದರೂ ತೋರಿಸಬೇಕು. ಬೇರೆ ಸಾಲುಗಳಲ್ಲಿ ಆರಿಸಿದರೆ ಎಲ್ಲಕ್ಕೂ ಹೊಂದುವುದನ್ನು ಮಾತ್ರ. ‘ಪೂಜೆ’ ಮತ್ತು ‘ಪುಡಿ’ ಒತ್ತಿದವರಿಗೆ ಅರಿಶಿನ ಕೊಂಬು ಬರಬಾರದು. ಪ್ರತಿ ಆಯ್ಕೆಯ ಪಕ್ಕದಲ್ಲಿ ಎಷ್ಟು ಸಾಮಾನಿದೆ ಎಂಬ ಸಂಖ್ಯೆ ಇರಲಿ. ಒತ್ತಿದ ಮೇಲೆ ಖಾಲಿ ಪುಟ ಬಂದರೆ ಜನ ಮತ್ತೆ ಒತ್ತೋದಿಲ್ಲ.

ಹುಡುಕಿದಾಗ ಅರಿಶಿನ ಒಂದೇ ಸಲ ಕಾಣಲಿ. ಅದರ ಪುಟದ ಕೆಳಗೆ ‘ಪೂಜೆ ಸಾಮಾನಿನಲ್ಲೂ ನೋಡಿ’ ಎಂಬಂಥ ಕೊಂಡಿ ಕೊಡಿ. ಹಿಂದಕ್ಕೆ ಒತ್ತಿದರೆ ಮೊದಲು ಆರಿಸಿದ ಫಿಲ್ಟರ್ ಹಾಗೇ ಉಳಿದಿರಬೇಕು. ಇದು ಚಿಕ್ಕದು, ಆದರೆ ತಪ್ಪಿದರೆ ಸಿಟ್ಟು ಜಾಸ್ತಿ.

ಹಾಗಂತ ಎಲ್ಲವನ್ನೂ ಎಲ್ಲ ಕಡೆ ಸುಮ್ನೆ ತುಂಬಬೇಡಿ. ಆಗ ವಿಭಾಗ ಇದ್ದೂ ಇಲ್ಲದಂತೆ. ನಲವತ್ತು ಸಾಮಾನಿನ ಹೆಸರನ್ನು ಚೀಟಿಗಳಲ್ಲಿ ಬರೆಯಿರಿ. ಹತ್ತು ಹದಿನೈದು ಗಿರಾಕಿಗಳಿಗೆ, ಒಬ್ಬೊಬ್ಬರಿಗೇ ಕೊಟ್ಟು ಗುಂಪು ಮಾಡಲು ಹೇಳಿ. ನೀವು ಬಾಯಿ ಹಾಕಬೇಡಿ. ಯಾವ ಚೀಟಿ ಹಿಡಿದು ಅವರು ‘ಇದು ಇಲ್ಲೋ, ಅಲ್ಲೋ’ ಎಂದು ತಡೆಯುತ್ತಾರೋ ಅದಕ್ಕೆ ಎರಡು ಬಾಗಿಲು ಬೇಕು. ಉಳಿದವಕ್ಕೆ ಒಂದೇ ಸಾಕು.

ಕರ್ಪೂರದ ವಿಷಯ ಬೇರೆ. ಅಲ್ಲಿ ಇರೋದು ಒಂದೇ ಹೆಸರಿನ ಎರಡು ವಸ್ತು. ಲಾಡುವಿಗೆ ಹಾಕುವ ಪಚ್ಚಕರ್ಪೂರ ಬೇರೆ, ಆರತಿಗೆ ಹಚ್ಚುವ ಕರ್ಪೂರ ಬೇರೆ. ಆರತಿಯದು ಹೊಟ್ಟೆಗೆ ಹೋದರೆ ಅಪಾಯ, ಅದರಲ್ಲೂ ಮಕ್ಕಳಿಗೆ. ಕೌಂಟರಿನಲ್ಲಿ ನೀವು ‘ಯಾತಕ್ಕಮ್ಮಾ?’ ಎಂದು ಕೇಳಿ ಕೊಡುತ್ತೀರಿ. ಪರದೆಯ ಮೇಲೆ ಹಾಗೆ ಕೇಳುವವರು ಯಾರೂ ಇಲ್ಲ. ಇವಕ್ಕೆ ಎರಡು ದಾಖಲೆ, ಎರಡು ಫೋಟೊ, ಆರತಿಯದರ ಹೆಸರಿನ ಜೊತೆಗೇ ‘ತಿನ್ನಲು ಅಲ್ಲ’ ಎಂಬ ಮಾತು ಬೇಕೇ ಬೇಕು. ಅಡುಗೆ ಅರಿಶಿನ, ಕಸ್ತೂರಿ ಅರಿಶಿನವನ್ನೂ ಹೀಗೇ ಬೇರೆ ಮಾಡಿ. ಹುಡುಗ ಕೆಲಸ ಶುರು ಮಾಡುವ ಮೊದಲು ಇಂಥ ಜೋಡಿಗಳ ಪಟ್ಟಿಯನ್ನು ನೀವೇ ಕೂತು ಬರೆದುಕೊಡಿ. ಅದು ಅವನಿಗೆ ಗೊತ್ತಿರೋದಿಲ್ಲ.