ಸಹಿ ಹಾಕುವ ಮೊದಲು

ಸ್ತ್ರೀಶಕ್ತಿ ಸಂಘದ ಪರವಾಗಿ ತಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಗೆ ಸೇರಿರುವ ಓದುಗರೊಬ್ಬರು ಬರೆದಿದ್ದಾರೆ: "ಎರಡು ಸಭೆ ಆಯಿತು. ಚಹಾ ಕೊಡುತ್ತಾರೆ, ಪುಸ್ತಕ ಮುಂದಿಡುತ್ತಾರೆ, ಸಹಿ ಹಾಕಿ ಬರುತ್ತೇವೆ. ಮಾತ್ರೆ ಯಾಕೆ ಸಿಗುತ್ತಿಲ್ಲ ಅಂದರೆ ‘ಅದೆಲ್ಲ ಟೆಕ್ನಿಕಲ್, ನಿಮಗೆ ಗೊತ್ತಾಗಲ್ಲ’ ಎನ್ನುತ್ತಾರೆ. ನಾನು ಓದಿರುವುದು ಏಳನೇ ಕ್ಲಾಸು. ಸಮಿತಿಯಲ್ಲಿ ನನ್ನ ಕೆಲಸವಾದರೂ ಏನು? ನನಗೆ ಆಗದ ದಿನ ನಮ್ಮ ಯಜಮಾನರು ಹೋಗಿ ಸಹಿ ಹಾಕಿದರೆ ನಡೆಯುತ್ತದೆಯೇ?"

ಮಾನ್ಯರೇ,

ಏಳನೇ ಕ್ಲಾಸಿನ ಮಾತನ್ನು ಮೊದಲು ಬದಿಗಿಡೋಣ. ಯಾವ ಕಾಯಿಲೆಗೆ ಯಾವ ಔಷಧಿ ಎಂದು ಹೇಳಲು ನಿಮ್ಮನ್ನು ಅಲ್ಲಿ ಕೂರಿಸಿಲ್ಲ. ಅದು ವೈದ್ಯರ ಕೆಲಸ, ಅದರಲ್ಲಿ ಕೈಹಾಕಲೂಬಾರದು. ಆದರೆ "ಈ ತಿಂಗಳು ಬಿಪಿ ಮಾತ್ರೆ ಎಷ್ಟು ದಿನ ಇರಲಿಲ್ಲ?" ಎಂಬುದು ವೈದ್ಯಕೀಯ ಪ್ರಶ್ನೆಯಲ್ಲ, ಲೆಕ್ಕದ ಪ್ರಶ್ನೆ. ಸಂಘದಲ್ಲಿ ಉಳಿತಾಯ, ಸಾಲ, ಬಡ್ಡಿಯ ಪುಸ್ತಕ ತಿರುವಿದ ಕೈಗೆ ಇದು ಹೊಸದೇನೂ ಅಲ್ಲ. 2007ರಿಂದ 2009ರವರೆಗೆ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಸಮುದಾಯವೇ ಆರೋಗ್ಯ ಸೇವೆಯ ಮೇಲೆ ನಿಗಾ ಇಡುವ ಪ್ರಯೋಗ ನಡೆದಾಗ, ಹಳ್ಳಿಯ ಜನ ಕೆಂಪು, ಹಳದಿ, ಹಸಿರು ಬಣ್ಣದಲ್ಲಿ ತಮ್ಮ ಕೇಂದ್ರಗಳಿಗೆ ಅಂಕ ಕೊಟ್ಟರು. ಅದಕ್ಕೆ ಯಾರೂ ಪದವಿ ಕೇಳಲಿಲ್ಲ.

ಸಭೆ ಯಾಕೆ ಸುಣ್ಣಬಣ್ಣ, ಕುರ್ಚಿ, ಬೋರ್ಡುಗಳ ಸುತ್ತಲೇ ಸುತ್ತುತ್ತದೆ ಎಂಬುದಕ್ಕೆ ಒಂದು ಹಿನ್ನೆಲೆ ಇದೆ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡ ಮೇಲೆ ಇಂದೋರ್‌ನ ಮಹಾರಾಜ ಯಶವಂತರಾವ್ ಆಸ್ಪತ್ರೆಯಲ್ಲಿ ಇಲಿ ಹೊಡೆದು, ಕಸ ಎತ್ತಿ, ಆ ಸ್ವಚ್ಛತೆ ಉಳಿಯಲೆಂದು ರೋಗಿ ಕಲ್ಯಾಣ ಸಮಿತಿ ಕಟ್ಟಿದರು. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಅದೇ ಮಾದರಿಯನ್ನು ದೇಶಕ್ಕೆಲ್ಲ ಹಂಚಿತು. ನಮ್ಮಲ್ಲಿ ಅದರ ಹೆಸರು ಆರೋಗ್ಯ ರಕ್ಷಾ ಸಮಿತಿ. ಕಟ್ಟಡ ಮತ್ತು ದುಡ್ಡಿನಿಂದ ಹುಟ್ಟಿದ ಸಮಿತಿ ಇವತ್ತಿಗೂ ಕಟ್ಟಡ ಮತ್ತು ದುಡ್ಡನ್ನೇ ಸುಲಭದ ವಿಷಯ ಅಂದುಕೊಂಡಿದೆ. (ನಿಮ್ಮ ಸಮಿತಿಯನ್ನು ಊರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಜೊತೆಗಾಗಲಿ, ಉಪಕೇಂದ್ರದ ಜನ ಆರೋಗ್ಯ ಸಮಿತಿಯ ಜೊತೆಗಾಗಲಿ ಕಲಸಬೇಡಿ. ಹಣ, ಖಾತೆ, ಪುಸ್ತಕ ಮೂರಕ್ಕೂ ಬೇರೆ.)

ಮುಂದಿನ ಸಭೆಗೆ ಮುಂಚೆ ಸದಸ್ಯ ಕಾರ್ಯದರ್ಶಿಗೆ, ಎಂದರೆ ವೈದ್ಯಾಧಿಕಾರಿಗೆ, ಒಂದು ಚೀಟಿ ಬರೆದುಕೊಡಿ: ಸಮಿತಿಯ ನಿಯಮಾವಳಿಯ ಪ್ರತಿ ಬೇಕು, ಕಳೆದ ನಾಲ್ಕು ಸಭೆಗಳ ನಡಾವಳಿ ನೋಡಬೇಕು. ಕೋರಂ (ಸಭೆ ನಡೆಯಲು ಇರಲೇಬೇಕಾದ ಸದಸ್ಯರ ಸಂಖ್ಯೆ) ಎಷ್ಟು, ಸಭೆ ಎಷ್ಟು ತಿಂಗಳಿಗೊಮ್ಮೆ, ಸಭೆಯ ಒಪ್ಪಿಗೆಯಿಲ್ಲದೆ ಎಷ್ಟು ಖರ್ಚು ಮಾಡಬಹುದು, ಖಾತೆಗೆ ಯಾರ ಸಹಿ ಎಂಬುದೆಲ್ಲ ನಿಯಮಾವಳಿಯಲ್ಲಿ ಇರುತ್ತದೆ. ಸದಸ್ಯರಾಗಿ ಕೇಳುತ್ತಿದ್ದೀರಿ, ಕೊಡಬೇಕು. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಬರಬೇಕು. ಆದರೆ ಸದಸ್ಯರೇ ತಮ್ಮ ಸಮಿತಿಗೆ ಅರ್ಜಿ ಹಾಕಿದರೆ ಮುಂದೆ ಮಾತುಕತೆ ಕಷ್ಟವಾಗುತ್ತದೆ, ಅದನ್ನು ಕೊನೆಗಿಟ್ಟುಕೊಳ್ಳಿ.

ಈಗ ಮಾತ್ರೆಯ ವಿಷಯ. ಇಲ್ಲಿ ನೀವು ನಿಜಕ್ಕೂ ಏನಾದರೂ ಮಾಡಬಹುದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ನಿಮ್ಮ ಕೇಂದ್ರದಲ್ಲಿ ಒಂದು ಬಗೆಯ ಬಿಪಿ ಮಾತ್ರೆಯನ್ನು ದಿನಕ್ಕೊಂದರಂತೆ ತೆಗೆದುಕೊಳ್ಳುವವರು 300 ಜನ ಎಂದಿಟ್ಟುಕೊಳ್ಳಿ. ತಿಂಗಳಿಗೆ 9,000 ಮಾತ್ರೆ ಬೇಕು. ಕಳೆದ ವರ್ಷ ನಾಲ್ಕು ತಿಂಗಳು ಸ್ಟಾಕ್ ಇರಲಿಲ್ಲ. ಉಳಿದ ಎಂಟು ತಿಂಗಳಲ್ಲಿ 72,000 ಖರ್ಚಾಯಿತು. ಈ ವರ್ಷದ ಇಂಡೆಂಟ್, ಎಂದರೆ ಔಷಧಿಯ ಬೇಡಿಕೆ ಪಟ್ಟಿ, ಬರೆಯುವಾಗ 72,000ವನ್ನು 12ರಿಂದ ಭಾಗಿಸಿ "ತಿಂಗಳಿಗೆ 6,000" ಎಂದು ಬರೆದುಬಿಡುತ್ತಾರೆ. ಅಷ್ಟು ಬಂದರೆ 200 ಜನರಿಗೆ ಸಾಕು, ನೂರು ಜನ ಹೊರಗೆ. ಆ ನೂರು ಜನ ಒಂದೆರಡು ಸಲ ಬರಿಗೈಲಿ ಹೋದಮೇಲೆ ಬರುವುದನ್ನೇ ಬಿಡುತ್ತಾರೆ, ಮುಂದಿನ ವರ್ಷದ ಪುಸ್ತಕದಲ್ಲಿ ಅವರ ಬೇಡಿಕೆಯೇ ಕಾಣುವುದಿಲ್ಲ. ಕೊರತೆಯೇ ಕೊರತೆಯನ್ನು ಹೆರುವುದು ಹೀಗೆ. ಸರಿಯಾದ ಲೆಕ್ಕ ಎಂದರೆ ಮಾತ್ರೆ ಇದ್ದ ತಿಂಗಳುಗಳಿಂದ ಭಾಗಿಸುವುದು: 72,000 ಭಾಗಿಸು 8, ಅಂದರೆ 9,000.

ಸಭೆಯಲ್ಲಿ ಫಾರ್ಮಸಿ ಅಧಿಕಾರಿಯನ್ನು ಕರೆಸಿ ಮೂರೇ ಪ್ರಶ್ನೆ ಕೇಳಿ. ಇವತ್ತು ಎಷ್ಟಿದೆ? ದಿನಕ್ಕೆ ಎಷ್ಟು ಹೋಗುತ್ತದೆ? ಕಳೆದ ಮೂರು ತಿಂಗಳಲ್ಲಿ ಎಷ್ಟು ದಿನ ಸೊನ್ನೆ ಇತ್ತು? 1,500 ಇದೆ, ದಿನಕ್ಕೆ 300 ಹೋಗುತ್ತದೆ ಎಂದರೆ ಐದೇ ದಿನಕ್ಕಾಯಿತು. ಸೋಮವಾರದ ಸಭೆಯಲ್ಲಿ ಕೇಳಿದ್ದು ಶನಿವಾರದ ಕೊರತೆಯನ್ನು ತಪ್ಪಿಸಬಹುದು. ಆಯುಷ್ಮಾನ್ ಆರೋಗ್ಯ ಮಂದಿರದ (ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕೇಂದ್ರ ಸರ್ಕಾರ ಈಗ ಕೊಟ್ಟಿರುವ ಹೆಸರು) ಪಟ್ಟಿಯ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 172 ಔಷಧಿ ಇರಬೇಕು. ಅಷ್ಟನ್ನೂ ಹಿಡಿದುಕೊಳ್ಳಬೇಡಿ, ಯಾವ ಸಮಿತಿಗೂ ಆಗದ ಕೆಲಸ. ಬಿಪಿ, ಸಕ್ಕರೆ ಕಾಯಿಲೆ, ಮಕ್ಕಳ ಭೇದಿಗೆ ಓಆರ್‌ಎಸ್ ಮತ್ತು ಜಿಂಕ್, ಬಸುರಿಯರ ಕಬ್ಬಿಣಾಂಶದ ಮಾತ್ರೆ, ನಾಯಿ ಕಡಿತದ ಲಸಿಕೆ, ಹಾವು ಕಡಿತದ ಔಷಧಿ: ಇಷ್ಟನ್ನು ಪ್ರತಿ ಸಭೆಯಲ್ಲೂ ಕೇಳಿದರೆ ಉಳಿದದ್ದರ ಸ್ಥಿತಿ ತಾನೇ ಗೊತ್ತಾಗುತ್ತದೆ.

ಹಾವಿನ ವಿಷಯದಲ್ಲಿ "ಇದೆ" ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ವಿಷ ಏರಿದ ಒಬ್ಬ ರೋಗಿಯ ಮೊದಲ ಡೋಸ್‌ಗೇ ಸಾಮಾನ್ಯವಾಗಿ 8ರಿಂದ 10 ವಯಲ್ (ಔಷಧಿಯ ಪುಟ್ಟ ಬಾಟಲಿ) ಬೇಕು. ಬೀರುವಿನಲ್ಲಿ ಮೂರು ವಯಲ್ ಇದ್ದರೆ ಪುಸ್ತಕದಲ್ಲಿ ಇದೆ, ರೋಗಿಗೆ ಇಲ್ಲ. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವ 20 ನಿಮಿಷದ ಪರೀಕ್ಷೆಗೆ ಶುದ್ಧವಾದ, ಒಣಗಿದ ಗಾಜಿನ ಕೊಳವೆಯೇ ಆಗಬೇಕು, ಪ್ಲಾಸ್ಟಿಕ್ಕಿನದು ತಪ್ಪು ಫಲಿತಾಂಶ ಕೊಡುತ್ತದೆ. ನಾಲ್ಕು ಗಾಜಿನ ಕೊಳವೆಗೆ ತಗಲುವ ಖರ್ಚು ಗೋಡೆಗೆ ಬಳಿಯುವ ಒಂದು ಡಬ್ಬಿ ಬಣ್ಣಕ್ಕಿಂತ ಕಡಿಮೆ. 2024ರಿಂದ ರಾಜ್ಯದಲ್ಲಿ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕಾಗಿರುವುದರಿಂದ ವರ್ಷಕ್ಕೆ ಎಷ್ಟು ಬಂದವು ಎಂಬ ಅಂಕಿಯೂ ಕೇಳಿದರೆ ಸಿಗಬೇಕು.

ಲಸಿಕೆ ಇಡುವ ಫ್ರಿಜ್ಜಿನ ಮೇಲೆ ಒಂದು ಉಷ್ಣಾಂಶದ ಹಾಳೆ ಇರುತ್ತದೆ. ಅದನ್ನು ಸುಮ್ಮನೆ ನೋಡಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಭಾನುವಾರವೂ ಸೇರಿ ಬರೆದಿರಬೇಕು, 2ರಿಂದ 8 ಡಿಗ್ರಿಯೊಳಗೆ ಇರಬೇಕು. ಇಡೀ ತಿಂಗಳು 4, 4, 4, 4 ಎಂದು ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ, ಊರಿನಲ್ಲಿ ದಿನವಿಡೀ ಕರೆಂಟಿಲ್ಲದ ದಿನವೂ 4 ಎಂದಿದ್ದರೆ, ಅದನ್ನು ತಿಂಗಳ ಕೊನೆಗೆ ಕೂತು ತುಂಬಿಸಿದ್ದಾರೆ ಎಂದೇ ಅರ್ಥ. ಜಗಳ ಬೇಡ, "ಭಾನುವಾರ ಯಾರು ನೋಡುತ್ತಾರೆ?" ಎಂದು ಕೇಳಿ. ಹೆಚ್ಚಾಗಿ ಉತ್ತರ "ಯಾರೂ ಇಲ್ಲ" ಎಂದಿರುತ್ತದೆ, ಆಗ ಅದು ಸಮಿತಿ ಬಗೆಹರಿಸಬೇಕಾದ ವಿಷಯ. ಹೆಚ್ಚು ತಣ್ಣಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ತಪ್ಪು. ಪೆಂಟಾವೇಲೆಂಟ್ (ಮಕ್ಕಳಿಗೆ ಐದು ಕಾಯಿಲೆಗಳ ವಿರುದ್ಧ ಕೊಡುವ ಲಸಿಕೆ), ಹೆಪಟೈಟಿಸ್ ಬಿ ಮುಂತಾದ ಲಸಿಕೆಗಳು ಹೆಪ್ಪುಗಟ್ಟಿದರೆ ಹಾಳು. ಬಾಟಲಿ ಮೇಲಿನ ಬಣ್ಣದ ಗುರುತು ಬಿಸಿಗೆ ಬದಲಾಗುತ್ತದೆಯೇ ಹೊರತು ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ.

ದುಡ್ಡು. ಗ್ರಾಮೀಣ ಆರೋಗ್ಯ ಅಭಿಯಾನದ ಮೊದಲ ವರ್ಷಗಳಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವರ್ಷಕ್ಕೆ ಮುಕ್ತ ನಿಧಿ (ಸ್ಥಳೀಯ ಅಗತ್ಯ ನೋಡಿ ಖರ್ಚು ಮಾಡಬಹುದಾದ ಹಣ) 25,000, ವಾರ್ಷಿಕ ನಿರ್ವಹಣೆಗೆ 50,000, ಸಮಿತಿಗೆ 1,00,000, ಒಟ್ಟು 1,75,000 ರೂಪಾಯಿ ಎಂದಿತ್ತು. ಆಮೇಲೆ ಇವನ್ನು ಒಂದುಗೂಡಿಸಿ, ಕೆಲಸ ಮತ್ತು ಬಳಕೆ ನೋಡಿ ಕೊಡುವ ಪದ್ಧತಿ ಬಂತು. ಅಂದರೆ ಖರ್ಚಾಗದೆ ಕೂತ ಹಣ ಮುಂದಿನ ವರ್ಷದ ಹಣಕ್ಕೂ ಕಲ್ಲು ಹಾಕುತ್ತದೆ. ಫೆಬ್ರವರಿ-ಮಾರ್ಚಿನಲ್ಲಿ ಬಳಕೆ ಪ್ರಮಾಣಪತ್ರ (ಬಂದ ಹಣ ಖರ್ಚಾಗಿದೆ ಎಂದು ತೋರಿಸುವ ಪತ್ರ) ಕಳಿಸುವ ಗಡಿಬಿಡಿಗೆ ಕೊಂಡ ವಸ್ತುಗಳನ್ನು ನೋಡಿದರೆ ಸಾಕು, ಸಮಿತಿ ವರ್ಷವಿಡೀ ಏನು ಮಾಡಿತು ಎಂದು ತಿಳಿಯುತ್ತದೆ. ಜೂನ್ ಸಭೆಯಲ್ಲೇ "ಈ ವರ್ಷ ಯಾವುದಕ್ಕೆ" ಎಂದು ಬರೆಸಿಡಿ. ಕಾಯಂ ಸಿಬ್ಬಂದಿಯ ಸಂಬಳ, ವಾಹನ ಖರೀದಿ, ಪಂಚಾಯಿತಿಯ ಸ್ವಂತ ಖರ್ಚು ಇದರಲ್ಲಿ ಬರುವುದಿಲ್ಲ.

ಲೆಕ್ಕ ನೋಡುವಾಗ ಕ್ಯಾಶ್ ಬುಕ್ಕಿನ ಕೊನೆಯ ಸಾಲು, ಪಾಸ್‌ಬುಕ್ಕಿನ ಕೊನೆಯ ಸಾಲು, ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಒಂದರಲ್ಲಿ 38,400, ಇನ್ನೊಂದರಲ್ಲಿ 46,900 ಇದ್ದರೆ ಗಾಬರಿ ಬೇಡ. 8,500ರ ಚೆಕ್ಕು ಇನ್ನೂ ನಗದಾಗಿರಲಿಕ್ಕಿಲ್ಲ. ಆದರೆ ಆ ಚೆಕ್ಕಿನ ನಂಬರು, ತಾರೀಖು, ಯಾರಿಗೆ ಎಂಬುದು ತಕ್ಷಣ ಹೇಳಲು ಬರಬೇಕು. ಮೂರು ಕೊಟೇಶನ್‌ಗಳಿದ್ದರೆ (ಅಂಗಡಿಗಳು ಕೊಡುವ ದರಪಟ್ಟಿ) ಮೂರರ ಕೈಬರಹ ಮತ್ತು ಫೋನ್ ನಂಬರು ನೋಡಿ, ಮೂರನ್ನೂ ಒಬ್ಬರೇ ಬರೆದಿರಬಹುದು. ಯಾರಾದರೂ ಸದಸ್ಯರ ನೆಂಟರ ಅಂಗಡಿಯದು ಅದರಲ್ಲಿದ್ದರೆ ಆ ಸದಸ್ಯರು ಆ ವಿಷಯ ಮುಗಿಯುವವರೆಗೆ ಹೊರಗಿದ್ದು, ಹಾಗೆಂದು ನಡಾವಳಿಯಲ್ಲಿ ಬರೆಸುವುದು ಒಳ್ಳೆಯದು. ನಿಮ್ಮ ನೆಂಟರಾದರೂ ಅಷ್ಟೇ.

"ನರ್ಸ್ ಇರಲ್ಲ" ಎಂಬ ದೂರು ಊರಲ್ಲಿ ಎದ್ದಾಗ ಬೈಯುವ ಮೊದಲು ಗಂಟೆ ಎಣಿಸಿ. ವಾರಕ್ಕೆ 168 ಗಂಟೆ. ಮೂವರು ಶುಶ್ರೂಷಾಧಿಕಾರಿಗಳು ವಾರಕ್ಕೆ 48 ಗಂಟೆಯಂತೆ ದುಡಿದರೆ 144. ಒಬ್ಬರೂ ರಜೆ ಹಾಕದಿದ್ದರೂ ವಾರದಲ್ಲಿ ಪೂರಾ ಒಂದು ದಿನ ಖಾಲಿ. ಇಂಥ ಕೇಂದ್ರಕ್ಕೆ "24 ಗಂಟೆ ಹೆರಿಗೆ ಸೇವೆ" ಎಂಬ ಬೋರ್ಡು ಹಾಕಿಸಿ ಆಮೇಲೆ ಜಗಳವಾಡುವುದರಲ್ಲಿ ಅರ್ಥವಿಲ್ಲ. ಖಾಲಿ ಹುದ್ದೆ ತುಂಬುವ, ವರ್ಗ ಮಾಡುವ ಅಧಿಕಾರ ಸಮಿತಿಗಿಲ್ಲ. ಆದರೆ ಈ ಗಂಟೆಯ ಲೆಕ್ಕದ ಸಮೇತ ನಿರ್ಣಯ ಮಾಡಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಕಳಿಸಿ, ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೂ ಹಾಕಿದರೆ, "ಜನ ಸುಮ್ಮನೆ ದೂರುತ್ತಾರೆ" ಎಂದು ತಳ್ಳಿಹಾಕುವುದು ಕಷ್ಟ. ವೈದ್ಯರು ಸಿಗುವುದಿಲ್ಲ ಎಂಬ ದೂರೂ ಹೀಗೆಯೇ: ಕೋರ್ಟು, ಸಭೆ, ಶಿಬಿರ, ಪಕ್ಕದ ಕೇಂದ್ರದ ಪ್ರಭಾರ ಎಂದು ಹೋಗಬೇಕಾದ ದಿನಗಳಿರುತ್ತವೆ. ಆ ದಿನಗಳನ್ನು ಹಿಂದಿನ ಸಂಜೆಯೇ ಬಾಗಿಲ ಹಲಗೆಯ ಮೇಲೆ ಬರೆಯಬೇಕು ಎಂದು ಕೇಳುವುದು ನ್ಯಾಯ.

ಇನ್ನೊಂದು ಕೆಲಸವನ್ನು ಸಮಿತಿಗಳು ಮಾಡುವುದೇ ಅಪರೂಪ. ಒಂದು ತಿಂಗಳ ಹೊರರೋಗಿಗಳ ಪುಸ್ತಕದಿಂದ ಊರುವಾರು ಎಣಿಕೆ ಕೇಳಿ. ಹೆಸರು ಬೇಡ, ಸಂಖ್ಯೆ ಸಾಕು. ಅದರ ಪಕ್ಕದಲ್ಲಿ ಊರಿನ ಜನಸಂಖ್ಯೆ ಬರೆಯಿರಿ. ಸಾವಿರ ಜನರ ಒಂದು ಊರಿನಿಂದ ತೊಂಬತ್ತು, ಅಷ್ಟೇ ದೊಡ್ಡ ಇನ್ನೊಂದರಿಂದ ಎಂಟು ಎಂದು ಬಂದರೆ, ಆ ಎಂಟರ ಊರಿನವರಿಗೆ ಕಾಯಿಲೆ ಕಡಿಮೆ ಎಂದು ಅಂದುಕೊಳ್ಳಬೇಡಿ. ಬಸ್ಸಿನ ಹೊತ್ತು, ಮಳೆಗಾಲದ ಹಳ್ಳ, ಎಂದೋ ಆದ ಅವಮಾನ, ಏನೋ ಒಂದಿದೆ. ಆ ಊರಿನ ಆಶಾ ಕಾರ್ಯಕರ್ತೆಯನ್ನು ಮುಂದಿನ ಸಭೆಗೆ ಕರೆಯಿರಿ.

ಹೆಸರಿನ ಮಾತು ಬಂತು. ಯಾರಿಗೆ ಕ್ಷಯ, ಯಾರು ಗರ್ಭಪಾತ ಮಾಡಿಸಿಕೊಂಡರು ಎಂಬುದು ಸದಸ್ಯರ ಕಿವಿಗೆ ಬೀಳಬಾರದು. ಎಚ್‌ಐವಿ ವಿಷಯವಂತೂ 2017ರ ಕಾಯ್ದೆಯ ಪ್ರಕಾರ ಗುಟ್ಟಾಗಿರಬೇಕು. ಸಭೆಯಲ್ಲಿ ಯಾರಾದರೂ ಹೆಸರು ಎತ್ತಿದರೆ ಅಲ್ಲೇ ತಡೆಯಿರಿ.

ಕೊನೆಗೆ, ನಿಮ್ಮ ಮುಂದಿಡುವ ಆ ಪುಸ್ತಕ. ಹಾಜರಿಯ ಸಹಿಯನ್ನು ಬಂದ ತಕ್ಷಣ ಹಾಕಿ. ನಡಾವಳಿಯ ಸಹಿಯನ್ನು ಅದನ್ನು ಗಟ್ಟಿಯಾಗಿ ಓದಿಸಿದ ಮೇಲೆ ಹಾಕಿ. ಇವೆರಡೂ ಬೇರೆ ಬೇರೆ ಪುಟದಲ್ಲಿರಲಿ, ಏಕೆಂದರೆ ಹಾಜರಿಯ ಸಹಿಯ ಮೇಲೆ ಆಮೇಲೆ ನಿರ್ಣಯ ಬರೆದುಕೊಳ್ಳುವುದು ಹಳೆಯ ಚಾಳಿ. ಕೊನೆಯ ಸಾಲಿನ ಕೆಳಗೆ ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಸಿ. "ಔಷಧಿ ಕೊರತೆ ಬಗ್ಗೆ ಚರ್ಚಿಸಲಾಯಿತು" ಎಂಬುದು ನಿರ್ಣಯವಲ್ಲ. "ಬಿಪಿ ಮಾತ್ರೆಯ ಇಂಡೆಂಟನ್ನು ತಿಂಗಳಿಗೆ 9,000ಕ್ಕೆ ತಿದ್ದಿ, ಫಾರ್ಮಸಿ ಅಧಿಕಾರಿಯವರು 10ನೇ ತಾರೀಖಿನೊಳಗೆ ಕಳುಹಿಸತಕ್ಕದ್ದು, ಮುಂದಿನ ಸಭೆಯಲ್ಲಿ ವರದಿ ಕೊಡತಕ್ಕದ್ದು" ಎಂಬುದು ನಿರ್ಣಯ. ಮುಂದಿನ ಸಭೆಯ ಮೊದಲ ವಿಷಯ ಇದೇ ಆಗಿರಲಿ. ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಸಹಿಯ ಪಕ್ಕದಲ್ಲಿ "ಇಂಥ ವಿಷಯಕ್ಕೆ ನನ್ನ ವಿರೋಧವಿದೆ" ಎಂದು ಸ್ವಂತ ಕೈಯಲ್ಲಿ ಬರೆಯಬಹುದು.

ನಿಮ್ಮ ಯಜಮಾನರ ಪ್ರಶ್ನೆಗೆ ಉತ್ತರ: ಬೇಡ. ಸದಸ್ಯರು ನೀವು, ಅವರಲ್ಲ. ಅವರ ಸಹಿ ಕೋರಂ ಲೆಕ್ಕಕ್ಕೆ ಬರುವುದಿಲ್ಲ, ಬಂದಿದೆ ಎಂದು ತೋರಿಸಿದರೆ ಆ ಸಭೆಯ ಖರ್ಚಿನ ನಿರ್ಣಯಗಳಿಗೇ ಆಡಿಟ್‌ನಲ್ಲಿ ಆಕ್ಷೇಪ ಏಳಬಹುದು. ಆಗದ ದಿನ ಎರಡು ಸಾಲಿನ ರಜೆ ಚೀಟಿ ಕಳಿಸಿ, ಕೇಳಬೇಕಾದ ಪ್ರಶ್ನೆಗಳನ್ನೂ ಅದರಲ್ಲೇ ಬರೆದು, "ಇದನ್ನು ನಡಾವಳಿಯಲ್ಲಿ ಸೇರಿಸಿ" ಎಂದು ಸೇರಿಸಿ. ಚೀಟಿಯ ಒಂದು ನಕಲಿನ ಮೇಲೆ ಕಚೇರಿಯ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ. ಚೀಟಿ ತಲುಪಿಸಲು ಯಜಮಾನರು ಹೋಗಬಹುದು.

— ಸಂ.