ಹಾಲುಣಿಸದ ಬಾಣಂತಿಗೆ ಎದೆಹಾಲು ನಿಲ್ಲಿಸುವುದು ಹೇಗೆ? ಜ್ವರ ಬಾರದಂತೆ ಏನು ಮಾಡಬೇಕು?

ಎದೆಯಲ್ಲಿ ಉಳಿದ ಹಾಲೇ ಹೊಸ ಹಾಲಿನ ಉತ್ಪತ್ತಿಯನ್ನು ತಗ್ಗಿಸುತ್ತದೆ. ಆದ್ದರಿಂದ ಪೂರ್ತಿ ಹಿಂಡಬೇಡಿ. ಬಿಗಿತ ತಡೆಯಲಾಗದಿದ್ದಾಗ ನೋವು ಸಡಿಲವಾಗುವಷ್ಟು ಮಾತ್ರ ಕೈಯಿಂದ ತೆಗೆಯಿರಿ. ಬಟ್ಟೆ ಸುತ್ತಿದ ಐಸ್ ಪ್ಯಾಕ್ 15–20 ನಿಮಿಷ ಇಡಬಹುದು. ಒಳ ಉಡುಪು ಆಧಾರ ಕೊಟ್ಟರೆ ಸಾಕು. ಎದೆಯನ್ನು ಬಿಗಿದು ಕಟ್ಟಿದರೆ ಹಾಲಿನ ನಾಳಗಳು ಒತ್ತಿಹೋಗಿ, ಹಾಲು ಕಟ್ಟಿಕೊಂಡು ಬಾವಾಗಬಹುದು. ನೀರು ಕುಡಿಯುವುದನ್ನು ಕಡಿಮೆ ಮಾಡಿದರೆ ಹಾಲು ಬತ್ತುವುದಿಲ್ಲ, ಸುಸ್ತಾಗುತ್ತದೆ ಅಷ್ಟೆ.

ಮಾತ್ರೆ ಬೇಕೇಬೇಕೆಂದರೆ ಕ್ಯಾಬರ್ಗೋಲಿನ್: ಹೆರಿಗೆಯಾದ 24 ಗಂಟೆಯೊಳಗೆ 1 ಮಿ.ಗ್ರಾಂ ಒಂದೇ ಸಲ. ಎದೆಯಲ್ಲಿ ಹಾಲು ಬರತೊಡಗಿದ ಮೇಲಾದರೆ 0.25 ಮಿ.ಗ್ರಾಂ, 12 ಗಂಟೆಗೊಮ್ಮೆ, ಎರಡು ದಿನ. ವೈದ್ಯರು ಬರೆದುಕೊಡದೆ ತೆಗೆದುಕೊಳ್ಳಬಾರದು. ಗರ್ಭಿಣಿಯಾಗಿದ್ದಾಗ ಬಿ.ಪಿ. ಏರಿದ್ದವರಿಗೆ, ಹೃದಯದ ಕವಾಟದ ತೊಂದರೆ ಇರುವವರಿಗೆ, ಹಿಂದೆ ಬಾಣಂತಿ ಸನ್ನಿ (ಹೆರಿಗೆಯ ನಂತರದ ತೀವ್ರ ಮಾನಸಿಕ ಕಾಯಿಲೆ) ಬಂದಿದ್ದವರಿಗೆ ಇದು ಸಲ್ಲದು.

ಜ್ವರದ ವಿಷಯದಲ್ಲಿ ಎಚ್ಚರ ಬೇಕು. ಎದೆ ಬಿಗಿದಾಗ ಮೈ ತುಸು ಬಿಸಿಯಾಗಬಹುದು, ನಿಜ. ಆದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ‘ಹಾಲಿನ ಜ್ವರ’ ಎಂದು ಸುಮ್ಮನಿರದೆ ಅಂದೇ ಆಸ್ಪತ್ರೆಗೆ ಹೋಗಿ. ಗರ್ಭಕೋಶದ, ಹೊಲಿಗೆಯ ಅಥವಾ ಮೂತ್ರದ ಸೋಂಕಿರಬಹುದು. ನಡುಕ, ಕೆಟ್ಟ ವಾಸನೆಯ ಸ್ರಾವ, ಕೆಳಹೊಟ್ಟೆ ನೋವಿದ್ದರೆ ತಡಮಾಡಲೇಬೇಡಿ. ಪ್ಯಾಡ್ ಆಗಾಗ ಬದಲಿಸಿ, ಮೊದಲೂ ಆಮೇಲೂ ಕೈ ತೊಳೆಯಿರಿ, ಹೊಲಿಗೆ ಒಣಗಿರಲಿ.